ಸತ್ತವರ ಬಲಿಪೂಜೆಯ ಸಂಗೀತಕ್ಕೊಂದು ಕನ್ನಡ ಪಟ್ಟಿ: ಯಾವುದನ್ನು ಸೇರಿಸೋಣ, ಯಾವುದನ್ನು ಬಿಡೋಣ?

ಕೇಶ್ವಾಪುರದ ಆಲ್ಟೊ:

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನ ಗಾನವೃಂದದ ಕೆಲವರು ಸೇರಿ ಒಂದು ಕೆಲಸಕ್ಕೆ ಕೈ ಹಾಕಿದ್ದೇವೆ. ಸತ್ತವರಿಗಾಗಿ ಅರ್ಪಿಸುವ ಬಲಿಪೂಜೆಗೆ, ಅಂದರೆ ರಿಕ್ವಿಯಮ್‌ಗೆ, ಯಾರ್ಯಾರು ಸಂಗೀತ ಕೂಡಿಸಿದ್ದಾರೆ ಅನ್ನುವ ಪಟ್ಟಿಯನ್ನು ಕನ್ನಡದಲ್ಲಿ ಮಾಡಿ ಎಲ್ಲರಿಗೂ ಸಿಗುವ ಹಾಗೆ ಆನ್‌ಲೈನ್‌ನಲ್ಲಿ ಇಡಬೇಕು. ಇಂಗ್ಲಿಷಿನಲ್ಲಿ ಇಂಥ ಪಟ್ಟಿಗಳಿವೆ. ಆದರೆ ನಮ್ಮ ಹುಡುಗ ಹುಡುಗಿಯರು ತೆರೆದು ನೋಡಿ, ಬರೀ ಹೆಸರುಗಳ ರಾಶಿ ಕಂಡು ಮುಚ್ಚಿಬಿಡುತ್ತಾರೆ. ನವೆಂಬರ್ 2ಕ್ಕೆ ಸಕಲ ಮೃತರ ಸ್ಮರಣೆ ಬರುತ್ತದೆ. ಆಗ ಹಾಡಲು ಏನು ಸಿಗುತ್ತದೆ, ಎಷ್ಟು ದನಿ ಬೇಕು, ಕೀಬೋರ್ಡ್ ಒಂದೇ ಇದ್ದರೆ ನಡೆಯುತ್ತದಾ, ಇಷ್ಟು ಅವರಿಗೆ ನೋಡಿದ ಕೂಡಲೇ ತಿಳಿಯಬೇಕು.

ಮೊಜಾರ್ಟ್ ಬರುವವರೆಗೆ ಕೆಲಸ ಸರಾಗವಾಗಿ ನಡೆದಿತ್ತು. 1791ರ ಡಿಸೆಂಬರ್ 5ರಂದು ಆತ ತೀರಿಕೊಂಡಾಗ ರಿಕ್ವಿಯಮ್ ಅರ್ಧಕ್ಕೇ ನಿಂತಿತ್ತು. ಲಾಕ್ರಿಮೋಸಾ ಅನ್ನುವ ಭಾಗದಲ್ಲಿ ಮೊದಲ 8 ಬಾರ್ ಮಾತ್ರ ಆತನದು. ಉಳಿದದ್ದನ್ನು ಶಿಷ್ಯ ಝ್ಯೂಸ್‌ಮಾಯರ್ ಮುಗಿಸಿದ. ಆಮೇಲೆ 20ನೇ ಶತಮಾನದಲ್ಲಿ ಬೈಯರ್, ಮೌಂಡರ್, ಲೆವಿನ್ ಹೀಗೆ ಹಲವರು ತಮಗೆ ಸರಿ ಕಂಡಂತೆ ತಿದ್ದಿ ಪೂರ್ತಿ ಮಾಡಿದ್ದಾರೆ. ಇದನ್ನೆಲ್ಲ ಒಂದೇ ಸಾಲಿನಲ್ಲಿ ಹಾಕಬೇಕಾ, ಒಬ್ಬೊಬ್ಬರಿಗೆ ಒಂದೊಂದು ಸಾಲಾ? ಫೋರೆಯದ್ದೂ ಇದೇ ಕಥೆ. 1888ರಲ್ಲಿ ಪ್ಯಾರಿಸ್ಸಿನ ಮದ್ಲೆನ್ ಚರ್ಚಿನಲ್ಲಿ ಮೊದಲು ಹಾಡಿದಾಗ ಐದೇ ಭಾಗ ಇದ್ದವು. ಆಮೇಲೆ ಇನ್ನೆರಡು ಸೇರಿದವು. 1900ರಲ್ಲಿ ದೊಡ್ಡ ವಾದ್ಯವೃಂದದ ರೂಪ ಬಂತು. ಬ್ರಾಮ್ಸ್‌ನ ಜರ್ಮನ್ ರಿಕ್ವಿಯಮ್ ಸೇರಿಸಬೇಕೋ ಬೇಡವೋ ಅಂತ ನಮ್ಮಲ್ಲೇ ಜಗಳ ಆಗಿದೆ. ತಿಳಿದವರು ಹೇಳಿ.

ಸಪ್ತಾಪುರ ಶೀಟ್:

ಅಕ್ಕಾ, ಒಂದು ಕೃತಿಗೆ ಒಂದೇ ಸಾಲು. ಆವೃತ್ತಿಗಳಿಗೆ ಎರಡನೇ ಶೀಟ್ ಮಾಡಿ. ಎರಡನ್ನೂ ಒಂದು ಗುರುತಿನ ಸಂಖ್ಯೆಯಿಂದ ಜೋಡಿಸಿ. ಮೊಜಾರ್ಟ್‌ನ ಕೃತಿಗಳಿಗೆ ಕೋಖೆಲ್ ಮಾಡಿದ ಪಟ್ಟಿಯಲ್ಲಿ ಇದಕ್ಕೆ ಹೇಗೂ 626 ಅನ್ನುವ ಸಂಖ್ಯೆ ಇದೆ. ಝ್ಯೂಸ್‌ಮಾಯರ್, ಬೈಯರ್, ಲೆವಿನ್ ಎಲ್ಲರೂ ಎರಡನೇ ಶೀಟಿನಲ್ಲಿ ಅದೇ 626ರ ಕೆಳಗೆ ಬರುತ್ತಾರೆ. ಮೊದಲ ಶೀಟಿನಲ್ಲೇ ಎಲ್ಲ ತುಂಬಿದರೆ ಮುಂದೆ ಎಣಿಸಲಿಕ್ಕೂ ಆಗುವುದಿಲ್ಲ, ಹುಡುಕಲಿಕ್ಕೂ ಆಗುವುದಿಲ್ಲ.

ಕುಂದಗೋಳ ಕಟ್ಟೆ:

ನನಗೆ ಪಾಶ್ಚಾತ್ಯ ಸಂಗೀತ ಅಷ್ಟಾಗಿ ಗೊತ್ತಿಲ್ಲ. ಸವಾಯಿ ಗಂಧರ್ವರ ಊರಿನವನು ನಾನು, ಕೇಳಿ ಬೆಳೆದದ್ದು ಕಿರಾಣಾ ಘರಾಣೆ. ಒಂದೇ ಚೀಜನ್ನು, ಅಂದರೆ ರಾಗದ ಹಾಡನ್ನು, ಗಂಗೂಬಾಯಿಯವರು ಹಾಡಿದ್ದು ಬೇರೆ, ಭೀಮಸೇನರು ಹಾಡಿದ್ದು ಬೇರೆ. ಹಾಗಂತ ಎರಡು ಚೀಜು ಅಂತ ನಾವು ಬರೆಯುವುದಿಲ್ಲ, ಅಲ್ವಾ? ಇಲ್ಲೂ ರಿಕ್ವಿಯಮ್ ಅನ್ನುವುದು ಒಂದೇ ಅಂದಮೇಲೆ ಹಾಡಿದವರ ಪಟ್ಟಿ ಮಾಡಿದರೆ ಸಾಕಲ್ಲ?

ಕೇಶ್ವಾಪುರದ ಆಲ್ಟೊ:

ಸರ್, ಇಲ್ಲಿ ಒಂದೇ ಆಗಿರುವುದು ಮಾತು ಮಾತ್ರ. ಲ್ಯಾಟಿನ್ ಪ್ರಾರ್ಥನೆ ಮೊದಲೇ ಗೊತ್ತಾಗಿರುತ್ತದೆ. ಸಂಗೀತವನ್ನು ಒಬ್ಬೊಬ್ಬರೂ ಹೊಸದಾಗಿ ಕಟ್ಟುತ್ತಾರೆ. ವೆರ್ದಿಯ ಸ್ವರಕ್ಕೂ ಫೋರೆಯ ಸ್ವರಕ್ಕೂ ನಂಟೇ ಇಲ್ಲ.

ಕುಂದಗೋಳ ಕಟ್ಟೆ:

ಹಾಗಾದರೆ ಎಲ್ಲರಿಗೂ ಮೂಲವಾದ ಒಂದು ಧಾಟಿ ಇಲ್ಲವೇ ಇಲ್ಲವಾ? ನಂಬಲಿಕ್ಕೆ ಆಗುತ್ತಿಲ್ಲ.

ರೈಲ್ವೆ ಕ್ವಾರ್ಟರ್ಸ್:

ಇದೆ ಸರ್. ಗ್ರೆಗೋರಿಯನ್ ಧಾಟಿ. ಪಕ್ಕವಾದ್ಯ ಇಲ್ಲ, ತಾಳ ಇಲ್ಲ, ಎಲ್ಲರೂ ಒಂದೇ ಧಾಟಿಯನ್ನು ಒಟ್ಟಿಗೆ ಹಾಡುವುದು. ಸ್ಪೇನಿನ ಸಂಗೀತಗಾರ ವಿಕ್ಟೋರಿಯಾ 1605ರಲ್ಲಿ ಅಚ್ಚು ಹಾಕಿಸಿದ ಆರು ದನಿಯ ರಿಕ್ವಿಯಮ್‌ನಲ್ಲಿ ಆ ಹಳೇ ಧಾಟಿ ಒಂದು ದನಿಯಲ್ಲಿ ನಿಧಾನ ಸಾಗುತ್ತದೆ, ಉಳಿದವು ಅದರ ಸುತ್ತ ಹೆಣೆದುಕೊಳ್ಳುತ್ತವೆ. 1947ರ ದ್ಯುರುಫ್ಲೆ ಕೃತಿಯೂ ಆ ಧಾಟಿಗಳ ಮೇಲೇ ನಿಂತಿದೆ. ನಡುವೆ 300 ವರ್ಷಕ್ಕಿಂತ ಜಾಸ್ತಿ ಅಂತರ. ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ, ನಿಮ್ಮ ಕಿವಿಗೆ ಗೊತ್ತಾಗುತ್ತದೆ. ಪಟ್ಟಿಯಲ್ಲಿ "ಹಳೇ ಧಾಟಿ ಬಳಸಿದೆಯೇ" ಅಂತ ಒಂದು ಕಾಲಮ್ ಇರಲೇಬೇಕು ಅನ್ನುತ್ತೇನೆ ನಾನು.

ಸೂಚಿಕಾರ, ಧಾರವಾಡ:

ನಾನು ಹಸ್ತಪ್ರತಿಗಳ ಕೆಲಸ ಮಾಡುವವನು. ತಾಡೋಲೆ ಕಟ್ಟು ಕೈಗೆ ಬಂದರೆ ಹೆಸರು, ಕಾಲ ಬರೆದು ಎದ್ದು ಹೋಗುವುದಿಲ್ಲ ನಾವು. ಎಷ್ಟು ಗರಿ, ಎಲ್ಲಿ ಮುರಿದಿದೆ, ಆದಿ ಏನು, ಅಂತ್ಯ ಏನು ಅಂತ ನೋಡುತ್ತೇವೆ. ಕವಿಯ ಹೆಸರೇ ಇಲ್ಲದ ಕಟ್ಟನ್ನೂ ಆದಿಯ ಸಾಲಿನಿಂದ ಹಿಡಿಯಬಹುದು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ರಿಸ್ಮ್ ಅನ್ನುವ ಸಂಸ್ಥೆ ಸಂಗೀತದ ಹಸ್ತಪ್ರತಿಗಳಿಗೆ ಇದನ್ನೇ ಮಾಡುತ್ತದೆ. ಪ್ರತಿ ಕೃತಿಯ ಮೊದಲ ಕೆಲವು ಸ್ವರಗಳನ್ನು ದಾಖಲಿಸುತ್ತದೆ. ಅದರ ಸೂಚಿ ಯಾರು ಬೇಕಾದರೂ ಹುಡುಕಿ ನೋಡಬಹುದಾದದ್ದು.

ಆದರೆ ನನ್ನ ಮುಖ್ಯ ಮಾತು ಬೇರೆ. ಸಂಗೀತಗಾರ, ವರ್ಷ, ಊರು, ದನಿ ಅಂತ ಮಾಡಿದ ಪಟ್ಟಿ ಹೊರಗಿನ ರಟ್ಟನ್ನು ಮಾತ್ರ ತೋರಿಸುತ್ತದೆ. ರಿಕ್ವಿಯಮ್ ಪಟ್ಟಿಯ ಜೀವ ಇರುವುದು ಭಾಗಗಳಲ್ಲಿ. ಪ್ರವೇಶಗೀತೆ, ಕೀರಿಯೆ, ಗ್ರಾದ್ವಾಲೆ, ತ್ರಾಕ್ಟುಸ್, ದಿಯೆಸ್ ಇರೆ (ಕಡೆಯ ತೀರ್ಪಿನ ದಿನದ ಪದ್ಯ), ಕಾಣಿಕೆಗೀತೆ, ಸಾಂಕ್ಟುಸ್, ಪಿಯೆ ಯೇಸು, ಆಗ್ನುಸ್ ದೇಯಿ, ಲುಕ್ಸ್ ಎಟೆರ್ನಾ, ಲಿಬೆರಾ ಮೆ ("ನನ್ನನ್ನು ಬಿಡಿಸು" ಅನ್ನುವ ಪ್ರಾರ್ಥನೆ), ಇನ್ ಪಾರಾದಿಸುಮ್. ಒಂದೊಂದಕ್ಕೂ ಒಂದು ಕಾಲಮ್ ಕೊಡಿ. ಇದೆ ಅಥವಾ ಇಲ್ಲ, ಅಷ್ಟೇ ತುಂಬಿ. ಆಮೇಲೆ ಖಾಲಿ ಮನೆಗಳನ್ನು ನೋಡಿ. ಒಂದು ಕೃತಿ ಯಾವ ಕಾಲದ್ದು, ಯಾವ ಪೂಜೆಗೆ ಆದದ್ದು ಅಂತ ಅವೇ ಹೇಳುತ್ತವೆ.

15ನೇ ಶತಮಾನದ ಓಕೆಗೆಮ್‌ನದನ್ನು ತೆಗೆದುಕೊಳ್ಳಿ. ನಮಗೆ ಉಳಿದು ಬಂದ ಬಹುದನಿಯ ರಿಕ್ವಿಯಮ್‌ಗಳಲ್ಲಿ ಇದೇ ಹಳೆಯದು. ದ್ಯುಫಾಯ್ ಬರೆದದ್ದು ಕಳೆದುಹೋಗಿದೆ. ಓಕೆಗೆಮ್‌ನಲ್ಲಿ ದಿಯೆಸ್ ಇರೆ ಇಲ್ಲ. ಸಾಂಕ್ಟುಸ್, ಆಗ್ನುಸ್ ಕೂಡ ಸಿಕ್ಕಿಲ್ಲ. ಅದರ ಗ್ರಾದ್ವಾಲೆಯಲ್ಲಿರುವ ಮಾತು "ಸಿ ಆಂಬುಲೆಮ್" ಅಂತ ಶುರುವಾಗುತ್ತದೆ. 1570ರ ರೋಮಿನ ಪೂಜಾಪುಸ್ತಕದಲ್ಲಿ ಆ ಜಾಗದಲ್ಲಿ ಬೇರೆ ಮಾತಿದೆ. ಅದಕ್ಕೂ ಮುಂಚೆ ಒಂದೊಂದು ಸೀಮೆಯ ರೂಢಿ ಒಂದೊಂದು ಇತ್ತು. ದಿಯೆಸ್ ಇರೆಗೆ ಬಹುದನಿ ಕೂಡಿಸಿದವರಲ್ಲಿ ಗೊತ್ತಿರುವ ಮಟ್ಟಿಗೆ ಬ್ರುಮೆಲ್ ಮೊದಲಿಗ. ಇದನ್ನು ವರ್ಷದ ಕಾಲಮ್ ನೋಡಿ ಯಾರಿಗೂ ತಿಳಿಯುವುದಿಲ್ಲ.

ಅನಾಮಿಕ ಓದುಗ:

ದಿಯೆಸ್ ಇರೆ ಇಲ್ಲದ್ದು ರಿಕ್ವಿಯಮ್ಮೇ ಅಲ್ಲ ಅನ್ನುತ್ತೇನೆ. ವೆರ್ದಿ ಕೇಳಿ. ಆ ದೊಡ್ಡ ಡ್ರಮ್ಮಿನ ಹಗ್ಗಗಳನ್ನು ಬಿಗಿಯಾಗಿ ಎಳೆದು ಕಟ್ಟಿರಬೇಕು, ಪೆಟ್ಟು ಒಣಗಿದ ಹಾಗೆ ಜೋರಾಗಿ ಬೀಳಬೇಕು ಅಂತ ಸ್ವರಪುಸ್ತಕದಲ್ಲೇ ಬರೆದಿದ್ದಾನೆ ಆತ. ಅದು ಬಿದ್ದಾಗ ಎದೆ ಝಲ್ ಅನ್ನುತ್ತದೆ. ಸಾವು ಅಂದರೆ ಅದು.

ರೈಲ್ವೆ ಕ್ವಾರ್ಟರ್ಸ್:

ಒಪ್ಪುವುದಿಲ್ಲ. ಎರಡನೇ ವ್ಯಾಟಿಕನ್ ಸಭೆಯಾದ ಮೇಲೆ, 1970ರ ಪೂಜಾಪುಸ್ತಕದಲ್ಲಿ, ದಿಯೆಸ್ ಇರೆಯನ್ನು ಸಾವಿನ ಪೂಜೆಯಿಂದಲೇ ತೆಗೆದರು. ಈಗ ನಮ್ಮ ಚರ್ಚಿನಲ್ಲಿ ಸತ್ತವರಿಗಾಗಿ ಪೂಜೆ ಆದರೆ ಆ ಪದ್ಯ ಹಾಡುವುದಿಲ್ಲ. ಹಾಗಂತ ಅದು ಪೂಜೆ ಅಲ್ಲದೇ ಹೋಗುತ್ತದಾ? ಫೋರೆ 80 ವರ್ಷ ಮುಂಚೆಯೇ ಅದನ್ನು ಬಿಟ್ಟಿದ್ದ. ಅದರ ಕೊನೆಯ ಎರಡು ಸಾಲು, ಪಿಯೆ ಯೇಸು, ಅಷ್ಟನ್ನೇ ಇಟ್ಟುಕೊಂಡು ಒಂಟಿ ದನಿಗೆ ಕೊಟ್ಟ. ಫ್ರಾನ್ಸಿನಲ್ಲಿ ಅದನ್ನು ಹಾಡುವ ರೂಢಿಯೂ ಮೊದಲಿಂದ ಇತ್ತು. ಕೊನೆಗೆ ಇನ್ ಪಾರಾದಿಸುಮ್ ಸೇರಿಸಿದ. ಅದು ಪೂಜೆಯದಲ್ಲ, ಹೆಣವನ್ನು ಚರ್ಚಿನಿಂದ ಗೋರಿಗೆ ಒಯ್ಯುವಾಗ ಹಾಡುವುದು.

ನಾನು ಬ್ಯಾಂಡಿನಲ್ಲಿ ಟ್ರೊಂಬೋನ್ ನುಡಿಸುತ್ತಿದ್ದವನು, ಹಾಗಾಗಿ ಜೋರು ಸದ್ದು ನನಗೂ ಇಷ್ಟ. ಬೆರ್ಲಿಯೋಜ್ 1837ರಲ್ಲಿ ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆ ವಾದ್ಯಗಳ ಗುಂಪು ನಿಲ್ಲಿಸಿದ, ಜೊತೆಗೆ 16 ಟಿಂಪನಿ, ಅಂದರೆ ನಗಾರಿಯಂಥ ವಾದ್ಯ. ಮೊಜಾರ್ಟ್ ದಿಯೆಸ್ ಇರೆಯ ಅದೇ "ತುಬಾ ಮಿರುಮ್" ಸಾಲಿಗೆ ಒಂದೇ ಒಂದು ಟ್ರೊಂಬೋನ್ ಇಟ್ಟ, ಅದರ ಮುಂದೆ ಬಾಸ್ ಗಾಯಕ ಒಬ್ಬನೇ. ನನ್ನನ್ನು ಕೇಳಿದರೆ ಆ ಒಂಟಿ ಟ್ರೊಂಬೋನೇ ಜಾಸ್ತಿ ನಡುಗಿಸುತ್ತದೆ. ನಮ್ಮ ಮನೆಯಲ್ಲಿ ಅದರ ಕೈಬರಹದ ಪ್ರತಿ ಇದೆ, ಹಿರಿಯರು ಉಗಿಬಂಡಿ ಕಾಲದಲ್ಲಿ ಬರೆದುಕೊಂಡದ್ದು. ಅಂಚಿನಲ್ಲಿ ಪೆನ್ಸಿಲ್‌ನಿಂದ "ಉಸಿರು", "ಉಸಿರು" ಅಂತ ಗುರುತು ಹಾಕಿದ್ದಾರೆ.

ಕೇಶ್ವಾಪುರದ ಆಲ್ಟೊ:

ಅಂಕಲ್, ಆ ಪ್ರತಿಯ ಫೋಟೊ ತೆಗೆಸಿ ಇಡಿ ದಯವಿಟ್ಟು. ಕಾಗದ ಪುಡಿಯಾಗುವ ಮುಂಚೆ.

ರೈಲ್ವೆ ಕ್ವಾರ್ಟರ್ಸ್:

ತೆಗೆಸುತ್ತೇನೆ ಮಗಳೇ. ಮೊಮ್ಮಗ ಬರಲಿ.

ಬೆಟಗೇರಿ ಮಗ್ಗ:

ಇನ್ನು ಬ್ರಾಮ್ಸ್ ವಿಷಯಕ್ಕೆ ಬರೋಣ. ನಾವು ಗದಗ-ಬೆಟಗೇರಿಯವರು, ಬಾಸೆಲ್ ಮಿಷನ್ ಮನೆತನ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ಬಂದವರು ಅವರು. ನಮ್ಮಲ್ಲಿ ಸತ್ತವರಿಗಾಗಿ ಬಲಿಪೂಜೆ ಇಲ್ಲ. ಮಣ್ಣು ಕೊಡುವಾಗ ವಾಕ್ಯ ಓದುತ್ತಾರೆ, ಕನ್ನಡ ಕೀರ್ತನೆ ಹಾಡುತ್ತಾರೆ. ನಾಲ್ಕು ದನಿಯಲ್ಲಿ ಹಾಡುವುದನ್ನು ನನ್ನ ಅಜ್ಜಿ ಡೋ ರೆ ಮಿ ಅಕ್ಷರ ನೋಡಿಕೊಂಡೇ ಕಲಿತವಳು.

ಬ್ರಾಮ್ಸ್ ಮಾಡಿದ್ದು ನಮ್ಮ ರೀತಿಯದ್ದು. ಲೂಥರನ ಬೈಬಲ್‌ನಿಂದ ತಾನೇ ವಾಕ್ಯ ಆರಿಸಿದ. "ದುಃಖಪಡುವವರು ಧನ್ಯರು" ಅನ್ನುವಲ್ಲಿಂದ ಶುರು. ಸತ್ತವನ ಆತ್ಮಕ್ಕಲ್ಲ, ಉಳಿದವರ ಸಮಾಧಾನಕ್ಕೆ ಬರೆದದ್ದು. ಆತನ ತಾಯಿ 1865ರಲ್ಲಿ ತೀರಿಕೊಂಡಿದ್ದಳು. 1868ರ ಶುಭ ಶುಕ್ರವಾರ ಬ್ರೆಮೆನ್‌ನಲ್ಲಿ ಆರು ಭಾಗ ಹಾಡಿದರು, ಏಳನೆಯದನ್ನೂ ಸೇರಿಸಿ ಮರುವರ್ಷ ಲೈಪ್‌ಝಿಗ್‌ನಲ್ಲಿ. ರಿಕ್ವಿಯಮ್ ಅಂತ ಆತನೇ ಹೆಸರಿಟ್ಟ ಮೇಲೆ ಅದನ್ನು ಹೊರಗಿಡಲು ನಾವ್ಯಾರು?

ಕೇಶ್ವಾಪುರದ ಆಲ್ಟೊ:

ಅಣ್ಣಾ, ಬ್ರಾಮ್ಸ್ ನನಗೂ ಪ್ರಾಣ. ಆದರೆ ಪಟ್ಟಿಯ ಹೆಸರೇ ಬಲಿಪೂಜೆಯ ಸಂಗೀತ. ಅದರಲ್ಲಿ ಬಲಿಪೂಜೆಯ ಒಂದು ಸಾಲೂ ಇಲ್ಲವಲ್ಲ. ಹುಡುಗರು ಪಟ್ಟಿ ನೋಡಿ ಪೂಜೆಗೆ ಆರಿಸಿಕೊಂಡರೆ ಏನು ಹೇಳುವುದು?

ಬೆಟಗೇರಿ ಮಗ್ಗ:

ಹಾಗಿದ್ದರೆ ಜರ್ಮನಿಯ ಸಂಗೀತಗಾರ ಶ್ಯೂಟ್ಸ್‌ನನ್ನು ಏನು ಮಾಡುತ್ತೀರಿ? 1636ರಲ್ಲಿ ಒಬ್ಬ ಅರಸನ ಶವಸಂಸ್ಕಾರಕ್ಕೆ ಜರ್ಮನ್ ಮಾತಿನಲ್ಲಿ ಬರೆದ. ಮೊದಲ ಭಾಗಕ್ಕೆ "ಜರ್ಮನ್ ಶವಸಂಸ್ಕಾರದ ಮಿಸ್ಸಾ" (ಬಲಿಪೂಜೆ) ಅಂತ ಆತನೇ ಹೆಸರು ಕೊಟ್ಟಿದ್ದಾನೆ. ಹೆಸರಿನಲ್ಲಿ ಪೂಜೆ ಇದೆ, ಸಂಸ್ಕಾರಕ್ಕೇ ಹಾಡಿದ್ದು, ಲ್ಯಾಟಿನ್ ಮಾತ್ರ ಇಲ್ಲ. ಇನ್ನೊಂದು ಕಡೆ ಸಂಗೀತಗಾರ ಬೆಂಜಮಿನ್ ಬ್ರಿಟನ್‌ನ ವಾರ್ ರಿಕ್ವಿಯಮ್ ಇದೆ. 1962ರಲ್ಲಿ ಕೊವೆಂಟ್ರಿಯ ಹೊಸ ಚರ್ಚಿಗಾಗಿ ಬರೆದದ್ದು, ಲ್ಯಾಟಿನ್ ಪೂಜೆಯ ನಡುನಡುವೆ ವಿಲ್ಫ್ರೆಡ್ ಓವೆನ್‌ನ ಯುದ್ಧದ ಕವಿತೆಗಳು. ಓವೆನ್ 1918ರ ನವೆಂಬರ್ 4ರಂದು ಸತ್ತ, ಯುದ್ಧ ನಿಲ್ಲಲು ಒಂದು ವಾರ ಬಾಕಿ ಇತ್ತು. ಅದರಲ್ಲಿ ಲ್ಯಾಟಿನ್ ಇದೆ, ಆದರೆ ಪೂಜೆಯಲ್ಲಿ ಹಾಡಲಿಕ್ಕೆ ಆಗುವುದಿಲ್ಲ. ನಿಮ್ಮ ನಿಯಮಕ್ಕೆ ಬ್ರಿಟನ್ ಒಳಗೆ, ಶ್ಯೂಟ್ಸ್ ಹೊರಗೆ. ಇದು ಸರಿಯಾ?

ಸಪ್ತಾಪುರ ಶೀಟ್:

ಇಬ್ಬರೂ ಹೇಳುವುದು ಸರಿಯೇ, ಒಂದೇ ಕಾಲಮ್‌ನಲ್ಲಿ ಎರಡು ಪ್ರಶ್ನೆ ತುರುಕಿದ್ದರಿಂದ ಜಗಳ. ಬಲಿಪೂಜೆಯ ಪಠ್ಯ ಪೂರ್ತಿ ಇದೆಯಾ, ಸ್ವಲ್ಪ ಇದೆಯಾ, ಇಲ್ಲವೇ ಇಲ್ಲವಾ ಅನ್ನುವುದು ಒಂದು. ಬರೆದದ್ದು ಪೂಜೆಗಾ, ಸಂಸ್ಕಾರಕ್ಕಾ, ಕಛೇರಿಗಾ ಅನ್ನುವುದು ಇನ್ನೊಂದು. ಬೇರೆ ಬೇರೆ ಮಾಡಿ, ಎಲ್ಲರನ್ನೂ ಒಳಗೆ ಬಿಡಿ. ಹುಡುಗರು "ಪೂಜೆಗೆ" ಅಂತ ಸೋಸಿದರೆ ಬ್ರಾಮ್ಸೂ ಬರುವುದಿಲ್ಲ, ಬ್ರಿಟನ್ನೂ ಬರುವುದಿಲ್ಲ.

ಸೂಚಿಕಾರ, ಧಾರವಾಡ:

ಇದು ಒಪ್ಪಿಗೆ. ಬಿಡುವುದಕ್ಕಿಂತ ಗುರುತು ಹಾಕಿ ಇಟ್ಟುಕೊಳ್ಳುವುದು ಯಾವಾಗಲೂ ಒಳ್ಳೆಯದು. ನಮ್ಮ ಕಡೆಯ ಒಂದು ಗ್ರಂಥಾಲಯದಲ್ಲಿ "ಯಾರೂ ಕೇಳುವುದಿಲ್ಲ" ಅಂತ ಸ್ವರಲಿಪಿಯ ಪುಸ್ತಕಗಳನ್ನು ರದ್ದಿಗೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಸೂಚಿಯಲ್ಲಿ ಅವುಗಳ ಒಂದು ಸಾಲೂ ಇರಲಿಲ್ಲ. ಆದ್ದರಿಂದಲೇ ಯಾರೂ ಕೇಳಿರಲಿಲ್ಲ.

ಹಾವೇರಿ ದಮ್ಮಡಿ:

ನನ್ನದು ಸ್ವಲ್ಪ ಬೇರೆ ಮಾತು, ಬೇಸರ ಮಾಡಿಕೊಳ್ಳಬೇಡಿ. ಇದೆಲ್ಲ ಓದುತ್ತಾ ನಮ್ಮೂರ ಕಡೆಯ ಹಾಡುಗಳೇ ನೆನಪಾದವು. ಯಾರಾದರೂ ತೀರಿಕೊಂಡರೆ ರಾತ್ರಿಯಿಡೀ ಭಜನೆ. ದಮ್ಮಡಿ, ತಾಳ, ಏಕತಾರಿ, ಈಗೀಗ ಹಾರ್ಮೋನಿಯಂ. ಹೆಣದ ಮುಂದೆ ಕುಳಿತು ಶರೀಫಜ್ಜನ ತತ್ವಪದ ಹಾಡುತ್ತಾರೆ. ಶಿಶುನಾಳ ನಮ್ಮ ಶಿಗ್ಗಾಂವಿ ತಾಲೂಕಿನದೇ. ಅವರ ಗುರು ಗೋವಿಂದಭಟ್ಟರು ಕಳಸದವರು. ಮೊಹರಂ ಬಂದರೆ ಕರ್ಬಲಾದ ಹುಸೇನರನ್ನು ನೆನೆದು ರಿವಾಯತ್ ಪದ ಹಾಡುತ್ತಾರೆ, ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಯಾವ ಊರಿನ ಮೇಳ ಯಾವ ಪದವನ್ನು ಯಾವ ಧಾಟಿಯಲ್ಲಿ ಹಾಡುತ್ತದೆ ಅಂತ ಒಂದು ಪಟ್ಟಿ ಇದೆಯಾ? ಹಾಡುವ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಕುಂದಗೋಳ ಕಟ್ಟೆ:

ಕಳಸ ನಮ್ಮ ಕುಂದಗೋಳ ತಾಲೂಕಿನದು, ಅದನ್ನೂ ಬರೆಯಿರಿ! ಶರೀಫರ ಪದವನ್ನು ನಮ್ಮಲ್ಲಿ ಒಂದು ಓಣಿಯಿಂದ ಇನ್ನೊಂದು ಓಣಿಗೆ ಬೇರೆ ಧಾಟಿಯಲ್ಲಿ ಹಾಡುತ್ತಾರೆ. ನಾನು ಮೊದಲು ಕೇಳಿದ್ದಕ್ಕೆ ಈಗ ಉತ್ತರ ಸಿಕ್ಕ ಹಾಗಾಯಿತು. ಮಾತು ಒಂದು, ಧಾಟಿ ನೂರು. ರಿಕ್ವಿಯಮ್ಮೂ ಹಾಗೇ.

ಅನಾಮಿಕ ಓದುಗ:

ಇದಕ್ಕೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ.

ಸೂಚಿಕಾರ, ಧಾರವಾಡ:

ಬೇರೆ ಎಳೆ ಸರಿ. ಆದರೆ ಇವತ್ತೇ ಶುರು ಮಾಡಿ. ವೆರ್ದಿಯ ಸ್ವರಪುಸ್ತಕ ಅಚ್ಚಾಗಿ ಕೂತಿದೆ, ಎಲ್ಲಿಗೂ ಓಡಿ ಹೋಗುವುದಿಲ್ಲ. ರಿವಾಯತ್ ಹಾಡುವವರು ಹಾಗಲ್ಲ. ದಮ್ಮಡಿಯವರೇ, ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವಾಗ ಊರು, ಓಣಿ, ಮೇಳದ ಹೆಸರು, ತಾರೀಖು, ಇಷ್ಟನ್ನು ಹಾಡು ಶುರುವಾಗುವ ಮೊದಲು ಬಾಯಲ್ಲೇ ಹೇಳಿ. ಕಡತದ ಹೆಸರು ಬದಲಾದರೂ ದನಿಯೊಳಗಿನ ಮಾಹಿತಿ ಹೋಗುವುದಿಲ್ಲ.

ಹಾವೇರಿ ದಮ್ಮಡಿ:

ಇದು ಬಹಳ ಒಳ್ಳೆಯ ಉಪಾಯ ಸರ್. ಈ ಸಲದ ಮೊಹರಂ ಅಲಾಯಿಯಿಂದಲೇ ಮಾಡುತ್ತೇವೆ.

ಕೇಶ್ವಾಪುರದ ಆಲ್ಟೊ:

ಇನ್ನೊಂದು ಗಂಟು ಬಿಡಿಸಿ ಕೊಡಿ. 1868ರಲ್ಲಿ ರೊಸ್ಸಿನಿ ತೀರಿಕೊಂಡಾಗ ವೆರ್ದಿ ಒಂದು ಸಲಹೆ ಮುಂದಿಟ್ಟ. 13 ಜನ ಇಟಲಿಯ ಸಂಗೀತಗಾರರು ಒಂದೊಂದು ಭಾಗ ಬರೆದು ಒಂದು ರಿಕ್ವಿಯಮ್ ಮಾಡಿದರು. ವೆರ್ದಿಗೆ ಬಂದದ್ದು ಲಿಬೆರಾ ಮೆ. ಹಾಡುವ ದಿನ ಹತ್ತಿರ ಬಂದಾಗ ಕಾರ್ಯಕ್ರಮ ರದ್ದಾಯಿತು. 1988ರವರೆಗೂ ಆ ಕೃತಿಯನ್ನು ಯಾರೂ ಹಾಡಲಿಲ್ಲ. ಅಷ್ಟರಲ್ಲಿ 1873ರಲ್ಲಿ ಸಾಹಿತಿ ಮಂಜೋನಿ ಸತ್ತ. ವೆರ್ದಿ ಅದೇ ಲಿಬೆರಾ ಮೆಯನ್ನು ತಿದ್ದಿ, ಅದರ ಸುತ್ತ ತನ್ನ ಇಡೀ ರಿಕ್ವಿಯಮ್ ಕಟ್ಟಿದ. 1874ರ ಮೇ 22ಕ್ಕೆ, ಮಂಜೋನಿಯ ಮೊದಲ ವರ್ಷದ ದಿನ, ಮಿಲಾನಿನ ಚರ್ಚಿನಲ್ಲಿ ಹಾಡಿದರು. ಈಗ ಈ ಲಿಬೆರಾ ಮೆ ಯಾವ ಸಾಲಿಗೆ ಸೇರಬೇಕು?

ಸಪ್ತಾಪುರ ಶೀಟ್:

ಎರಡಕ್ಕೂ. ಹದಿಮೂರು ಜನರದ್ದಕ್ಕೆ ಪ್ರತ್ಯೇಕ ಗುರುತಿನ ಸಂಖ್ಯೆ ಕೊಡಿ. ವೆರ್ದಿಯ ಸಾಲಿನಲ್ಲಿ ಲಿಬೆರಾ ಮೆ ಕಾಲಮ್‌ನಲ್ಲಿ ಸುಮ್ನೆ "ಇದೆ" ಅಂತ ಬರೆಯದೆ, ಆ ಸಂಖ್ಯೆಯನ್ನು ಹಾಕಿ. ಒತ್ತಿದರೆ ಅಲ್ಲಿಗೆ ಹೋಗುತ್ತದೆ. ಸೂಚಿಕಾರರ ಭಾಗವಾರು ಕಾಲಮ್ ಇಲ್ಲದಿದ್ದರೆ ಇದನ್ನು ತೋರಿಸಲು ಜಾಗವೇ ಇರುತ್ತಿರಲಿಲ್ಲ ನೋಡಿ.

ಅಂದ ಹಾಗೆ, ಈಗಾಗಲೇ ತುಂಬಿರುವ ಸಾಲುಗಳಲ್ಲಿ ಕೆಲವು ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಹಾಗಿವೆ. ನನ್ನ ಪರದೆಯಲ್ಲಿ ಬರೀ ಚಿತ್ರಲಿಪಿ ಕಾಣುತ್ತಿದೆ. ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿ, ಇಲ್ಲದಿದ್ದರೆ ಹುಡುಕಿದರೆ ಸಿಗುವುದಿಲ್ಲ.

ಅನಾಮಿಕ ಓದುಗ:

ಸ್ವರಲಿಪಿಯನ್ನೇ ಹಾಕಿಬಿಡಬಹುದಲ್ಲ? ಬರೀ ಪಟ್ಟಿ ಇಟ್ಟುಕೊಂಡು ಏನು ಹಾಡುವುದು?

ಸೂಚಿಕಾರ, ಧಾರವಾಡ:

ಎಲ್ಲದಕ್ಕೂ ಆಗುವುದಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ, ತೀರಿಕೊಂಡ ಮರುವರ್ಷದಿಂದ ಲೆಕ್ಕ. ಫೋರೆ 1924ರಲ್ಲಿ ಹೋದ, ಆತನದು ಮುಕ್ತ. ಬ್ರಿಟನ್ 1976ರಲ್ಲಿ, ಅಂದರೆ 2036 ಮುಗಿಯಬೇಕು. ದ್ಯುರುಫ್ಲೆ 1986ರಲ್ಲಿ, ಅದಕ್ಕೆ 2046. ಹಳೇ ಕೃತಿಯನ್ನು ಇತ್ತೀಚೆಗೆ ಯಾರಾದರೂ ಪೂರ್ತಿ ಮಾಡಿದ್ದರೆ ಅವರ ಹಕ್ಕು ಬೇರೆ. ಮೊಜಾರ್ಟ್ ಮುಕ್ತ ಅಂತ ಲೆವಿನ್‌ರ ಪುಟಗಳನ್ನು ಹಾಕಿಬಿಡಬೇಡಿ. ಪಟ್ಟಿ ಮಾಡಲು ಮಾತ್ರ ಯಾರ ಅಪ್ಪಣೆಯೂ ಬೇಡ. ಮುಕ್ತವಾದವುಗಳಿಗೆ ಸ್ವರಲಿಪಿ ಸಿಗುವ ತಾಣದ ಕೊಂಡಿ ಕೊಡಿ, ಅಷ್ಟು ಸಾಕು.

ಬೆಟಗೇರಿ ಮಗ್ಗ:

ಶ್ಯೂಟ್ಸ್ ಮತ್ತು ಬ್ರಾಮ್ಸ್ ಸಾಲುಗಳನ್ನು ನಾನು ತುಂಬುತ್ತೇನೆ. ಭಾಗದ ಕಾಲಮ್‌ಗಳು ಬಹುತೇಕ ಖಾಲಿ ಇರುತ್ತವೆ, ಇರಲಿ. ಖಾಲಿ ಇರುವುದೂ ಮಾಹಿತಿಯೇ ಅಂತ ಸೂಚಿಕಾರರೇ ಹೇಳಿದ್ದಾರೆ.

ಕೇಶ್ವಾಪುರದ ಆಲ್ಟೊ:

ಸರಿ ಅಣ್ಣಾ, ತುಂಬಿ. ವಿಕ್ಟೋರಿಯಾ ನಾನು ನೋಡಿಕೊಳ್ಳುತ್ತೇನೆ. ಅದರಲ್ಲಿ ಪೂಜೆಯ ಹೊರಗಿನ ಮೊಟೆಟ್ (ಬಹುದನಿಯ ಭಕ್ತಿಗೀತೆ) ಒಂದು, ಬೆಳಗಿನ ಪ್ರಾರ್ಥನೆಯ ಪಾಠ ಒಂದು ಇದೆ. ಅವಕ್ಕೆ "ಇತರ" ಅಂತ ಒಂದು ಕಾಲಮ್ ಸೇರಿಸುತ್ತೇನೆ. ಕೆರುಬೀನಿ ಯಾರು ತೆಗೆದುಕೊಳ್ಳುತ್ತೀರಿ?

ರೈಲ್ವೆ ಕ್ವಾರ್ಟರ್ಸ್:

ನನಗೆ ಬಿಡಿ. ಎರಡಿವೆ. 1816ರದ್ದು ಒಂಟಿ ಗಾಯಕರೇ ಇಲ್ಲದೆ ಬರೀ ಮೇಳಕ್ಕೆ ಬರೆದದ್ದು. ಅದನ್ನು ಒಂದು ಶವಸಂಸ್ಕಾರದಲ್ಲಿ ಹಾಡಲು ಹೊರಟಾಗ ಹೆಂಗಸರ ದನಿ ಇದೆ ಅಂತ ಪ್ಯಾರಿಸ್ಸಿನ ಆರ್ಚ್‌ಬಿಷಪ್ ಆಕ್ಷೇಪ ಎತ್ತಿದರು. ಅದಕ್ಕೇ ಕೆರುಬೀನಿ 1836ರಲ್ಲಿ ಬರೀ ಗಂಡುದನಿಗೆ ಇನ್ನೊಂದು ಬರೆದ. 1842ರಲ್ಲಿ ಆತನ ಸಂಸ್ಕಾರಕ್ಕೆ ಹಾಡಿದ್ದೂ ಅದನ್ನೇ. ದನಿಯ ಕಾಲಮ್‌ನಲ್ಲಿ ಸಂಖ್ಯೆ ಮಾತ್ರ ಸಾಲದು, ಯಾರ ದನಿ ಅಂತಲೂ ಬರೆಯಲು ಜಾಗ ಮಾಡಿ.

ಸಪ್ತಾಪುರ ಶೀಟ್:

ಮಾಡಿದ್ದೇನೆ ಅಂಕಲ್, ತೆರೆದು ನೋಡಿ. ಹಸಿರು ಬಣ್ಣದ ಕಾಲಮ್.